ಹಸಿ ಡಾಂಬರು

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಹಂಪಸಾಗರದಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ ನನ್ನ ಹೆಂಡತಿಯ ತಂದೆ, ಆ ಬೆಳಿಗ್ಗೆಯಷ್ಟೇ ಹರಿಗೋಲಿನ ತಳಕ್ಕೆ ಡಾಂಬರು ಬಳಿದಿದ್ದರು. ಆಚೆ ದಡಕ್ಕೆ ಹೋಗಲು ನನಗೆ ಅವಸರ.

"ಇನ್ನಾ ಹಸಿ ಐತ್ರಿ ಅಳಿಯಂದ್ರ, ನಾಳಿ ಹೋಗೋಣು," ಎಂದರು.

"ನಿಮ್ಮ ನಾಳಿ ಎಂದೂ ಮುಗಿಯಂಗಿಲ್ಲ ಬಿಡ್ರಿ!" ಎಂದು ರೇಗಿ, ನಾನೇ ಹರಿಗೋಲನ್ನು ಮರಳಿನ ಮೇಲೆ ದರದರ ಎಳೆದು ನೀರಿಗಿಳಿಸಿದೆ. ಡಾಂಬರು ಮರಳಿಗೇ ಅಂಟಿಕೊಂಡು ಹೋಯಿತು. ನಡುಹೊಳೆಯಲ್ಲಿ ಒಳಗೆ ನೀರು ಜಿನುಗಿತು. ಅವರು ಹುಟ್ಟು ಹಾಕಿದರು. ನಾನು ತಂಬಿಗೆಯಲ್ಲಿ ನೀರು ಮೊಗೆದು ಚೆಲ್ಲುತ್ತ ಗೊಣಗಿದೆ.

ಒದ್ದೆಯಾಗಿ ಇಳಿದ ನಮ್ಮನ್ನು ನೋಡಿ ದಡದವರು ನಕ್ಕರು.

"ಡಾಂಬರು ಹಚ್ಚಾಕೂ ಬರಂಗಿಲ್ಲ ಇವರಿಗೆ!" ಎಂದುಬಿಟ್ಟೆ.

ನಾಲ್ಕು ಜನರೆದುರು ಅಳಿಯನ ತಪ್ಪು ಎತ್ತಿ ಆಡುವವರಲ್ಲ ಅವರು. "ಹೌದ್ರಿ, ನಂದ ತಪ್ಪು," ಎಂದರು.

ಆಮೇಲೆ ಅವರ ಹರಿಗೋಲು ಹತ್ತಲು ಜನ ಅನುಮಾನಿಸತೊಡಗಿದರು. ನಾನು ಕೊನೆಗೂ ಕ್ಷಮೆ ಕೇಳದೆ ಉಳಿದದ್ದು ಅವರನ್ನು, ನನ್ನ ಮಾವನನ್ನು.