ಎಡಗೈ ಬಿಗಿದ ನಟ್

ಅವರ ಎಡಗೈಯ ನಾಲ್ಕು ಬೆರಳುಗಳು ಮೇಜಿನ ಅಂಚಿನ ಮೇಲೆ ಸಾಲಾಗಿ ಇಟ್ಟಂತೆ ಇದ್ದವು. ಇಟ್ಟದ್ದು ಬಲಗೈ. ಒಂದೊಂದನ್ನೇ ಎತ್ತಿ, ಟೈಪ್‌ರೈಟರಿನ ಕೀಲಿಗಳ ಮೇಲೆ ಇಡುವ ಹಾಗೆ ಇಟ್ಟು, ಅದು ಹಿಂದೆ ಸರಿಯಿತು. ಆಮೇಲೆ ಅವರು ಆ ಬೆರಳುಗಳನ್ನು ಹೊಸದಾಗಿ ಸೇರಿದ ವಿದ್ಯಾರ್ಥಿನಿಯರನ್ನು ನೋಡುವಂತೆ ನೋಡುತ್ತ ಕೂತರು.

ನಮ್ಮ ಟೈಪಿಂಗ್ ಅಕ್ಕೋರು. ಕೇಶ್ವಾಪುರದ ಒಂದು ಮಹಡಿಯಲ್ಲಿ ಇಪ್ಪತ್ತು ಯಂತ್ರಗಳ ಕ್ಲಾಸು ನಡೆಸಿದವರು. ಯಂತ್ರ ಕೆಟ್ಟರೆ ತಾವೇ ಬಿಚ್ಚಿ, ಉಜ್ಜಿ, ಜೋಡಿಸುತ್ತಿದ್ದವರು. ನಾನು ಅಲ್ಲಿ ಕಲಿತವನು. ಕ್ಲಾಸು ಮುಚ್ಚಿ ಎಷ್ಟೋ ವರ್ಷಗಳಾದ ಮೇಲೆ ಅವರಿಗೆ ಲಕ್ವಾ ಹೊಡೆದು ಎಡಗೈ ಸೋತಿದೆ ಎಂದು ಕೇಳಿ ನೋಡಲು ಹೋದೆ. ಆವತ್ತು ನೀಲಿ ಸೀರೆ ಉಟ್ಟಿದ್ದರು ಎಂದು ಬರೆಯಲು ಪೆನ್ನು ಓಡುತ್ತಿದೆ, ಆದರೆ ಆ ನೀಲಿ ಬೇರೆ ಯಾವುದೋ ಮನೆಯ ನೆನಪು. ಬೆರಳುಗಳು ಮಾತ್ರ ಅಲ್ಲಿಯವೇ.

ನನ್ನ ಚೀಲದಲ್ಲಿ ಟ್ರಕ್ ಇತ್ತು. ರಿಮೋಟಿನಿಂದ ಓಡುವ, ಮೊಳದುದ್ದದ, ದಪ್ಪ ಗಾಲಿಗಳದು. ನಲವತ್ತೇಳನೆಯ ವಯಸ್ಸಿನಲ್ಲಿ ನನಗೆಂದೇ ಕೊಂಡದ್ದು. ಭಾನುವಾರಗಳಂದು ಗೋಕುಲ ರಸ್ತೆಯ ಆಚೆಯ ಖಾಲಿ ಜಾಗದಲ್ಲಿ ಓಡಿಸುತ್ತೇನೆ. ಹಿಂದಿನ ವಾರ ಎರೆ ಮಣ್ಣಿನಲ್ಲಿ ಹೂತದ್ದನ್ನು ನಳದ ಕೆಳಗೆ ಹಿಡಿದು ತೊಳೆದಿದ್ದೆ. ಈಗ ಗಾಲಿಗಳೇ ತಿರುಗುತ್ತಿರಲಿಲ್ಲ. ರಿಪೇರಿಗೆ ಒಯ್ಯುವ ದಾರಿಯಲ್ಲಿದ್ದೆ.

"ಚೀಲದಾಗ ಏನೈತಿ?" ಎಂದರು. ತೆಗೆದು ತೋರಿಸಿದೆ.

"ತೊಳದೀಯೇನು?"

"ಹೌದ್ರಿ."

"ಶಾಣ್ಯಾ ಅದೀ. ಎರಿ ಮಣ್ಣಿಗೆ ನೀರು ಹಾಕಿದ್ರ ಅದು ಅಲ್ಲೇ ಮನಿ ಕಟ್ಟತೈತಿ. ನೆರಳಾಗ ಇಟ್ಟು ಬಿಡು. ಒಣಗಿದ ಮ್ಯಾಲೆ ತಾನಽ ಬಿರೀತೈತಿ."

ಒಳಗಿನಿಂದ ಅವರ ತಂಗಿ ಕೂಗಿದರು. "ಅಕ್ಕಾ, ಈ ವಯಸ್ಸಿನ್ಯಾಗ ಆಟಗಿ ಸಾಮಾನು ಹಿಡಕೊಂಡು ಕುಂದ್ರತೀಯೇನು?"

"ಡಾಕ್ಟ್ರು ಸ್ಪಂಜಿನ ಚೆಂಡು ಹಿಚಕು ಅಂದಾರ," ಎಂದರು ಅಕ್ಕೋರು ನನಗೆ. "ಎಷ್ಟಂತ ಹಿಚಕಲೋ? ಚೆಂಡು ತಿರುಗಿ ಏನೂ ಹೇಳೂದಿಲ್ಲ. ಇದನ್ನ ಬಿಟ್ಟು ಹೋಗು."

ಅಲ್ಲಿಂದ ಭಾನುವಾರ ಹೊಲಸು ಮಾಡುವುದು ನನ್ನ ಕೆಲಸ, ಮಂಗಳವಾರ ಸ್ವಚ್ಛ ಮಾಡುವುದು ಅವರದು. ಟೈಪಿನ ಅಕ್ಷರಗಳನ್ನು ಉಜ್ಜುತ್ತಿದ್ದ ಹಳೆಯ ಬ್ರಷ್ಷು, ಸ್ಕ್ರೂಗಳ ತಲೆಯೊಳಗೆ ಕೂತ ಮಣ್ಣಿಗೆ ಒಂದು ಹಲ್ಲುಕಡ್ಡಿ, ಬೇರಿಂಗಿಗೆ ಒಂದೇ ಹನಿ ಹೊಲಿಗೆ ಮಷಿನಿನ ಎಣ್ಣೆ. "ಎರಡನೇ ಹನಿ ಧೂಳನ್ನ ಊಟಕ್ಕ ಕರೀತೈತಿ." ಒಂದು ಹಿಂದಿನ ಗಾಲಿಯನ್ನು ತಿರುಗಿಸಿದರೆ ಇನ್ನೊಂದು ಉಲ್ಟಾ ಯಾಕೆ ತಿರುಗುತ್ತದೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಹಲ್ಲುಗಾಲಿಗಳ ಡಬ್ಬಿಯನ್ನೇ ಬಿಚ್ಚಿಟ್ಟುಕೊಂಡು ಅವರೇ ನನಗೆ ಹೇಳಿಕೊಟ್ಟರು.

ಕೊನೆಗೆ ಗಾಲಿಗಳನ್ನು ಕೂರಿಸುವುದು. ಮೂರು ಗಾಲಿಗಳ ನಟ್ ಬಿಗಿಯಲು ಬಲಗೈ. ಮುಂದಿನ ಎಡ ಗಾಲಿಗೆ ಮಾತ್ರ ಎಡಗೈ. ಆಗ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಬಿಡುತ್ತಿದ್ದರು.

"ನೀ ಗಾಲಿ ಹಿಡಿ. ನಟ್ ಮುಟ್ಟಬ್ಯಾಡ."

ನಟ್ ತಿರುಗಿಸುವ ಪಾನಾ ಬೀಳುತ್ತಿತ್ತು. ಎತ್ತಿ ಕೊಡುತ್ತಿದ್ದೆ. ಮತ್ತೆ ಬೀಳುತ್ತಿತ್ತು. ನಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಸಡಿಲಾಗದಂಥ ಹೊಸ ನಟ್ ತಂದುಕೊಟ್ಟೆ, ತೆಗೆದುಕೊಳ್ಳಲಿಲ್ಲ. "ಇದು ತಾನಽ ಹಿಡಕೋತೈತಿ. ಆಮ್ಯಾಲೆ ನನ್ನ ಕೈಗೇನು ಕೆಲಸ?"

ಮೊದಲ ಭಾನುವಾರ ಓಡಿಸುವ ಮುಂಚೆ ಆ ನಟ್ ಮುಟ್ಟಿ ನೋಡಿದೆ. ಬೆರಳಿಗೇ ತಿರುಗಿತು. ಪಾನಾ ಹಾಕಿ ಬಿಗಿದೆ. ಮಂಗಳವಾರ "ಗಾಲಿ ನಿಂತಿತ್ತೇನು?" ಎಂದು ಕೇಳಿದರು. "ನಿಂತಿತ್ತರಿ, ಗಟ್ಟಿ ಇತ್ತು" ಎಂದೆ. ಐದು ವಾರ, ಅಥವಾ ಆರು, ಹೀಗೇ ನಡೆಯಿತು. ನನ್ನ ಒಳ್ಳೆಯತನ ನನಗೇ ಹಿಡಿಸಿತ್ತು.

ಕೈ ಬಂತು ಎಂದುಕೊಂಡ ಅಕ್ಕೋರು ಒಂದು ಬೆಳಿಗ್ಗೆ ಕುದಿಯುವ ಹಾಲಿನ ಪಾತ್ರೆಯನ್ನು ಎಡಗೈಯಿಂದ ಎತ್ತಿದರು. ಪಾದ ಸುಟ್ಟಿತು.

ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡೇ ಆ ವಾರವೂ ನಟ್ ಬಿಗಿದರು. ನಾನು ಹೊರಟ ಮೇಲೆ ಅಲ್ಲ, ನನ್ನ ಕಣ್ಣೆದುರಿಗೇ, ತಂಗಿಯ ಗುಲಾಬಿ ನೇಲ್ ಪಾಲಿಶ್ ತರಿಸಿ, ನಟ್ಟಿನಿಂದ ಗಾಲಿಯವರೆಗೆ ಒಂದು ಸಣ್ಣ ಗೆರೆ ಎಳೆದರು. ಚಂದಕ್ಕೆ ಎಂದುಕೊಂಡೆ. ನೇಲ್ ಪಾಲಿಶ್ ಹಚ್ಚಿದ ಹುಡುಗಿಯರನ್ನು ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದವರು ಚಂದಕ್ಕೆ ಹಚ್ಚುತ್ತಾರೆಯೇ?

ಮುಂದಿನ ಮಂಗಳವಾರ ಮಣ್ಣು ಉದುರಿಸಿ ನೋಡಿದರು. ಗಾಲಿಯ ಮೇಲಿನ ಗೆರೆ ಒಂದು ಕಡೆ, ನಟ್ಟಿನ ಮೇಲಿನದು ಬಿಗಿಯುವ ದಿಕ್ಕಿನಲ್ಲಿ ಮುಂದಕ್ಕೆ.

"ತಮ್ಮಾ, ಗೆರಿ ಯಾಕ ಮುರದೈತಿ?"

ನಾನು ಉದುರಿದ ಮಣ್ಣನ್ನು ಅಂಗೈಯಿಂದ ಒಟ್ಟುಗೂಡಿಸತೊಡಗಿದೆ.

"ಎಂದಿನಿಂದ ಬಿಗಿ ಮಾಡಾಕತ್ತಿ?"

"ಮೊದಲಿನಿಂದರಿ."

ಅವರ ನಾಲಿಗೆ ಆಗ ನಿಧಾನವಾಗಿತ್ತು. ಅದಕ್ಕೇ ಇರಬೇಕು, ಈ ಮಾತುಗಳ ವಿಷಯದಲ್ಲಿ ನನಗೆ ಅನುಮಾನವಿಲ್ಲ. "ನನಗ ಬ್ಯಾಸರಾಗಬಾರದು ಅಂತ ಮಾಡೀದಿ, ಖರೇ. ಆದ್ರ ನನ್ನ ಕೈ ಏನು ಹೇಳತೈತಿ ಅಂತ ಕೇಳಾಕ ಕುಂತಿದ್ದೆ ನಾನು. ನಡುವ ನೀ ಮಾತಾಡಿದಿ."

ಒಳಗಿನಿಂದ ತಂಗಿ, "ಹಾಲು ಚೆಲ್ಲಿದ್ದು ಇವನಽ ಅನ್ನು ಹಂಗಾರ," ಎಂದರು.

"ಅರ್ಧಾ ಪಾತ್ರಿ," ಎಂದರು ಅಕ್ಕೋರು.

ಆಮೇಲೆ ನಾನು ನಟ್ ಮುಟ್ಟಲಿಲ್ಲ. ಗಡಿಯಾರ ನೋಡುತ್ತ ಓಡಿಸಿದೆ. ಮೊದಲ ಸಲ ಮೂರು ನಿಮಿಷಕ್ಕೆ ಗಾಲಿ ಕಳಚಿ ಹೋಯಿತು. ಹೇಳಲು ನನಗೆ ನಾಚಿಕೆ, ಕೇಳಲು ಅವರಿಗೆ ಎಲ್ಲಿಲ್ಲದ ಉಮೇದು. ಬಿದ್ದದ್ದು ತಿರುವಿನಲ್ಲೋ ನೆಟ್ಟಗಿನ ದಾರಿಯಲ್ಲೋ, ಗಾಲಿ ಎತ್ತ ಹೋಯಿತು, ನಟ್ ಸಿಕ್ಕಿತೋ. ಮುಂದೆ ಐದು ನಿಮಿಷ. ಒಮ್ಮೆ ಎರಡಕ್ಕೆ ಇಳಿಯಿತು. "ಛಲೋ ಆತು. ಬರೇ ಏರಿದ್ರ ಮತ್ತ ನೀನಽ ಕೈ ಹಾಕೀದಿ ಅಂತ ತಿಳೀತಿದ್ದೆ." ಆಮೇಲೆ ಒಂಬತ್ತು. ಆಮೇಲೆ ಹನ್ನೊಂದು.

ಹನ್ನೊಂದರ ಸುದ್ದಿ ಹೇಳಿದ ಮಂಗಳವಾರ ಪಾನಾ ಒಮ್ಮೆಯೂ ಬೀಳಲಿಲ್ಲ. ಗೆರೆ ಎಳೆದುಕೊಟ್ಟರು. ಗುರುವಾರ ಎರಡನೆಯ ಸಲ ಲಕ್ವಾ ಹೊಡೆಯಿತು. ಅಕ್ಕೋರು ಹೋದರು.

ಗುಲಾಬಿ ಗೆರೆ ಅಖಂಡವಾಗಿದ್ದ ಟ್ರಕ್ಕನ್ನು ಕಪಾಟಿನ ಮೇಲೆ ಇಟ್ಟೆ. ಇನ್ನು ಅದನ್ನು ಯಾರೂ ಮುಟ್ಟಬಾರದು ಎಂದುಕೊಂಡೆ. ಸ್ಮಾರಕಗಳು ಮಾತಾಡುವುದಿಲ್ಲ, ಅದು ಅವುಗಳ ಸೌಕರ್ಯ.

ಹದಿಮೂರು ದಿನ ಕಳೆದ ಮೇಲೆ ತಂಗಿ ಫೋನ್ ಮಾಡಿದರು. "ಬುಧವಾರ ರಾತ್ರಿ ಊಟಕ್ಕ ಕುಂತಾಗೂ ಅದಽ ಮಾತು ಆಕೀದು. ಹನ್ನೆರಡು ದಾಟತೈತೋ ಇಲ್ಲೋ ಅಂತ. ನೀ ಓಡಿಸಿದಿಯೇನು?"

"ಇಲ್ಲರಿ."

"ಯಾಕ? ಪೂಜಿ ಮಾಡಾಕತ್ತೀಯೇನು? ಭಾನುವಾರ ನಾನೂ ಬರತೇನಿ."

ಆಟೋದಲ್ಲಿ ಬಂದರು. ಗಡಿಯಾರ ಅವರೇ ಹಿಡಿದರು. ಹನ್ನೊಂದು ದಾಟಿತು, ಹನ್ನೆರಡು ದಾಟಿತು. ಅವರು ನಿಮಿಷಗಳನ್ನು ಎಣಿಸುತ್ತಿದ್ದುದು ನನಗೆ ಕೇಳುತ್ತಿತ್ತು. ಹದಿನೇಳಕ್ಕೆ ಟ್ರಕ್ ಮೂಗು ನೆಲಕ್ಕೆ ಕೊಟ್ಟು ನಿಂತಿತು. ಎಡ ಗಾಲಿ ಒಂದೇ ತಾನಾಗಿ ಮುಂದೆ ಉರುಳಿ ಹುಲ್ಲಿನಲ್ಲಿ ಮಲಗಿತು.

ತಂಗಿ ಹೋಗಿ ಅದನ್ನು ಎತ್ತಿ ತಂದರು. ಚಪ್ಪಲಿಗೆ ಎರೆ ಮಣ್ಣು ಮೆತ್ತಿತ್ತು.

"ಹದಿನೇಳು," ಎಂದರು. ಗಾಲಿಯ ಮಣ್ಣು ಒರೆಸುತ್ತ, "ಆಕಿ ಇದ್ದಿದ್ರ ಹದಿನೆಂಟು ಯಾಕ ಆಗಲಿಲ್ಲ ಅಂತ ಕೇಳತಿದ್ಲು," ಎಂದರು.

ನಿಜವಾಗಿಯೂ, ಯಾಕೆ ಆಗಲಿಲ್ಲ? ಟ್ರಕ್ಕನ್ನು ಅಂಗಾತ ಹಾಕಿ, ಇಬ್ಬರೂ ಮಣ್ಣಿನಲ್ಲೇ ಕುಕ್ಕರಗಾಲಲ್ಲಿ ಕೂತು ನೋಡತೊಡಗಿದೆವು.