ಹದಿನಾರರ ಮಿತವ್ಯಯ

ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಒಬ್ಬ ನಿರಪರಾಧಿಗೆ ಶಿಕ್ಷೆಯಾಗಿತ್ತು. ಮೈಸೂರಿನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಓದುತ್ತ, ಅಧಿಕಾರದಲ್ಲಿರುವವರು ತಮ್ಮ ಪ್ರತಿ ಆದೇಶಕ್ಕೂ ಕಾರಣ ಕೊಡಲೇಬೇಕೆಂಬ ಹಟ ಬೆಳೆಸಿಕೊಂಡು ಬಾಳ್ಳುಪೇಟೆಯಲ್ಲಿ ಬಸ್ಸಿಳಿದ ನನಗೆ, ಅಡುಗೆಮನೆಯ ಮೂಲೆಯಲ್ಲಿ ಹಳೆಯ ಸೀರೆಯ ತುಂಡು ಹೊದ್ದು ಕುಳಿತಿದ್ದ ಆ ನಿರಪರಾಧಿಯ ದರ್ಶನವಾಯಿತು. ಅದು ಅವ್ವನ ಗ್ರೈಂಡರ್. ಅವ್ವ ಅದರ ಪಕ್ಕದಲ್ಲೇ, ಊದಿದ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡು, ಒರಳಿನಲ್ಲಿ ಉದ್ದಿನಬೇಳೆ ರುಬ್ಬುತ್ತಿದ್ದಳು.

"ಕೆಟ್ಟೋಯ್ತೇನವ್ವಾ?"

"ಚೆನ್ನಾಗೇ ಐತೆ. ಕರೆಂಟ್ ತಿಂತದೆ ಅಂತ ನಿಮ್ಮಪ್ಪ ನಿಲ್ಸವ್ರೆ."

ನಮ್ಮ ಮನೆಯ ಮುಂದಿನ ಕೋಣೆಯ ಕಿಟಕಿ ಹೆದ್ದಾರಿಗೇ ತೆರೆಯುತ್ತಿತ್ತು. ತೆರೆದರೆ ಲಾರಿಗಳ ಹೊಗೆ, ಧೂಳು, ಹಾರನ್ನು, ಮುಚ್ಚಿದರೆ ಸೆಕೆ. ಬೆಳಗೆಲ್ಲ ಕಾಫಿ ತೋಟ ಸುತ್ತಿ ಬರುವ ಅಪ್ಪ ತಮ್ಮ ಮಧ್ಯಾಹ್ನದ ನಿದ್ದೆಯ ಹಕ್ಕನ್ನು ರಕ್ಷಿಸಿಕೊಳ್ಳಲು ಆ ಕೋಣೆಗೊಂದು ಏಸಿ ಹಾಕಿಸಿದ್ದರು. ಕರೆಂಟ್ ಬಿಲ್ಲು ಜಿಗಿಯಿತು. ಅಪ್ಪ ವಿಚಾರಣೆ ನಡೆಸಿದರು. ದೂರು, ತನಿಖೆ, ತೀರ್ಪು ಎಲ್ಲವೂ ಅವರದೇ. ನಡೆದದ್ದೂ ಏಸಿ ಕೋಣೆಯ ಮುಚ್ಚಿದ ಬಾಗಿಲ ಹಿಂದೆ. ಏಸಿ ಖುಲಾಸೆಯಾಯಿತು, ಗ್ರೈಂಡರ್ ಸಿಕ್ಕಿಬಿದ್ದಿತು.

ತೀರ್ಪಿನ ಆಧಾರವೇನೆಂದು ನಾನು ಕೇಳಿದೆ. ಅಪ್ಪ ರಿಮೋಟನ್ನು ಎತ್ತಿ ತೋರಿಸಿದರು.

"ಫ್ಯಾನು ಒಂದ್ರಲ್ಲಿಟ್ರೆ ಮೆಲ್ಲಗೆ, ಐದ್ರಲ್ಲಿಟ್ರೆ ಜೋರು, ಅಲ್ವಾ? ಇದ್ರಲ್ಲಿ ಹದಿನಾರೇ ಕಮ್ಮಿ ನಂಬರ್ರು. ಅದಕ್ಕಿಂತ ಕೆಳಕ್ಕೆ ಹೋಗಲ್ಲ ಕಣವ್ವ, ಒತ್ತಿ ನೋಡಿವ್ನಿ. ಇನ್ನೆಷ್ಟು ಉಳಿಸ್ಲಿ ನಾನು?"

ಹೀಗೆ, ಮನೆಯ ಹಿತಕ್ಕಾಗಿ ಅಪ್ಪ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಮಂಕಿ ಟೋಪಿ ಧರಿಸಿ, ಕಂಬಳಿ ಹೊದ್ದು, ನಡುಗುತ್ತ ಮಲಗುತ್ತಿದ್ದರು. ಯಾರಾದರೂ ಇಪ್ಪತ್ತಾರಕ್ಕೆ ಏರಿಸಿದರೆ, "ಮನೆ ಹಾಳ್ ಮಾಡ್ತೀರ" ಎಂದು ಕಂಬಳಿಯೊಳಗಿನಿಂದ ಗುಡುಗುತ್ತಿದ್ದರು. ದುಂದುವೆಚ್ಚವನ್ನು ಇಷ್ಟೊಂದು ತ್ಯಾಗಬುದ್ಧಿಯಿಂದ ಮಾಡಿದ ಮತ್ತೊಬ್ಬರನ್ನು ನಾನು ಕಂಡಿಲ್ಲ.

ಅಷ್ಟರಲ್ಲಿ ಕೆ. ಹೊಸಕೋಟೆಯಿಂದ ಅವ್ವನ ತಮ್ಮ ಬಂದ. ಬಿಸಿಲಿನಿಂದ ನೇರವಾಗಿ ಏಸಿ ಕೋಣೆಗೆ ಹೋಗಿ ಮಜ್ಜಿಗೆ ಕೇಳಿದ ಮಾವ, ನಾನು ಲೋಟ ತರುವಷ್ಟರಲ್ಲಿ ಬೇಡಿಕೆಯನ್ನು ಬಿಸಿ ಕಾಫಿಗೆ ಬದಲಿಸಿದ್ದ.

"ಇದೇನ್ ಭಾವ, ಹೆಣ ಇಡೋ ರೂಮ್ ಮಾಡ್ಬುಟ್ಟಿದ್ದೀರ?"

"ಉಳಿತಾಯ ಮಾಡಕ್ಕೆ ಎದೆ ಗಟ್ಟಿ ಇರ್ಬೇಕು ಕಣೋ," ಎಂದರು ಅಪ್ಪ, ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಳ್ಳುತ್ತ.

ನನಗೆ ಸಾಕ್ಷಿ ಸಿಕ್ಕಿದ. ಇಬ್ಬರನ್ನೂ ಜಗಲಿಯ ಮೀಟರಿನ ಮುಂದೆ ನಿಲ್ಲಿಸಿ ಮರುವಿಚಾರಣೆ ಆರಂಭಿಸಿದೆ. ಮೊದಲು ಏಸಿ ಆರಿಸಿ ಗ್ರೈಂಡರ್ ಮಾತ್ರ ಓಡಿಸಿದೆ. ಮೀಟರಿನ ಗಾಜಿನೊಳಗಿನ ಚಕ್ರದ ಕಪ್ಪು ಗುರುತು, ಲೋಡು ತುಂಬಿ ದಿಬ್ಬ ಹತ್ತುವ ಲಾರಿಯಂತೆ ನಿಧಾನವಾಗಿ ಹಾದುಹೋಯಿತು. ಗ್ರೈಂಡರ್ ನಿಲ್ಲಿಸಿ ಏಸಿಯನ್ನು ಹದಿನಾರಕ್ಕೆ ಇಟ್ಟೆ. ಅದೇ ಚಕ್ರ, ಬ್ರೇಕ್ ತಪ್ಪಿ ಮಾರನಹಳ್ಳಿಯಿಂದ ಘಾಟಿ ಇಳಿಯುವ ಲಾರಿಯಾಯಿತು.

ಆ ನಂಬರು ಫ್ಯಾನಿನ ವೇಗದಂತಲ್ಲ, ಕೋಣೆ ಎಷ್ಟು ತಣ್ಣಗಾಗಬೇಕೆಂದು ಯಂತ್ರಕ್ಕೆ ಕೊಡುವ ಆಜ್ಞೆ ಎಂದು ವಿವರಿಸಿದೆ. ಹೆಂಚು ಕಾದ ನಮ್ಮ ಕೋಣೆ ಆ ಹೊತ್ತಿನಲ್ಲಿ ಹದಿನಾರಕ್ಕೆ ಇಳಿಯುವುದೇ ಇಲ್ಲ. ಇಳಿಯುವವರೆಗೆ ಯಂತ್ರಕ್ಕೆ ವಿಶ್ರಾಂತಿಯಿಲ್ಲ. ಇಪ್ಪತ್ತಾರಕ್ಕೆ ಏರಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಕಂಪ್ರೆಸರ್ ಧಡ್ ಎಂದು ನಿಂತಿತು. ಬರೀ ಫ್ಯಾನು ಬೀಸುತ್ತಿತ್ತು, ಚಕ್ರ ತೆವಳತೊಡಗಿತು.

ಅಪ್ಪ ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದರು. "ಮೀಟ್ರು ಹಳೇದು ಕಣವ್ವ."

"ಹಳೇದಾದ್ರೆ ನಿದಾನ ಓಡ್ಬೇಕಲ್ವಾ ಭಾವ? ಇದು ನಿಮ್ ನಂಬರ್ಗೇ ಯಾಕಿಂಗ್ ಓಡ್ತು?" ಎಂದ ಮಾವ.

ಗ್ರೈಂಡರ್ ನಿರ್ದೋಷಿಯೆಂದು ಅವ್ವನ ಮುಂದೆ ಘೋಷಿಸಬೇಕೆಂದು ನಾನು ಪಟ್ಟು ಹಿಡಿದೆ. ಅಪ್ಪ ಅಂದಿನ ಎರಡನೆಯ ಸ್ನಾನ ನೆನಪಾದವರಂತೆ ಬಚ್ಚಲಿಗೆ ಹೋದರು.

ಮರುದಿನ ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ಇಣುಕಿದೆ. ಕಂಬಳಿ ಇಲ್ಲ, ಟೋಪಿ ಇಲ್ಲ, ರಿಮೋಟಿನಲ್ಲಿ ಇಪ್ಪತ್ತಾರು. ನೀತಿ ಬದಲಾಗಿತ್ತು, ಹೇಳಿಕೆ ಮಾತ್ರ ಹೊರಬಿದ್ದಿರಲಿಲ್ಲ. ನಾನು ಕೆರಳಿ ಅಡುಗೆಮನೆಗೆ ಹೋಗಿ ಗ್ರೈಂಡರಿನ ಪ್ಲಗ್ಗಿಗೆ ಕೈಹಾಕಿದೆ. ಅವ್ವ ತಡೆದಳು.

"ಬ್ಯಾಡ. ನಿಲ್ಸಿದೋರೇ ಹಾಕ್ಲಿ."

ನಾನು ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ಕಲಿತದ್ದನ್ನೆಲ್ಲ ಅವಳು ಅಷ್ಟರಲ್ಲೇ ಹೇಳಿ ಮುಗಿಸಿದಳು. ಬಳಿಕ ತಮ್ಮನತ್ತ ನೋಡಿದಳು. ತಂಪಿನ ಆಸೆಗೆ ಊರಿನ ಬಸ್ಸನ್ನು ಬೇಕೆಂದೇ ತಪ್ಪಿಸಿಕೊಂಡಿದ್ದ ಮಾವ, ಅಕ್ಕನ ಕಣ್ಣಿನ ಇಶಾರೆಗೆ ಎದ್ದು, ಒರಳನ್ನು ಉರುಳಿಸಿಕೊಂಡು ಹೋಗಿ ಏಸಿ ಕೋಣೆಯ ಬಾಗಿಲಿಗೇ ಒತ್ತಿ ಇಟ್ಟ. ಅವ್ವ ಬೇಳೆ ಸುರಿದು ರುಬ್ಬಲು ಕುಳಿತಳು. ಗರಗರ ಸದ್ದು ಮನೆಯನ್ನೆಲ್ಲ ತುಂಬಿತು.

ಬಾಗಿಲು ತೆರೆಯಿತು. "ಇಲ್ಯಾಕೇ?"

"ಅಡುಗೆಮನೆ ಸೆಕೆ ಕಣ್ರೀ. ನಿಮ್ ಬಾಗ್ಲು ಸಂದೀಲಿ ತಂಪು ಬರ್ತದೆ. ಮಲಿಕ್ಕಳಿ ನೀವು."

ಅಪ್ಪ ಬಾಗಿಲು ಹಾಕಿಕೊಂಡರು. ಸದ್ದು ಇನ್ನೂ ಜೋರಾಯಿತು. ಮತ್ತೆ ಬಾಗಿಲು ತೆರೆದಾಗ ಅವರು ಒರಳನ್ನು ದಾಟಿ, ನಮ್ಮ ಯಾರ ಮುಖವನ್ನೂ ನೋಡದೆ, ಅಡುಗೆಮನೆಗೆ ನಡೆದರು. ನಾವೆಲ್ಲ ಹಿಂದೆಯೇ ಹೋದೆವು. ಅವರು ಸೀರೆಯ ತುಂಡನ್ನು ಕಿತ್ತೆಸೆದು ಪ್ಲಗ್ಗು ಸಿಕ್ಕಿಸಿದರು. "ಆಯ್ತಾ?"

"ಬೇಳೆ," ಎಂದಳು ಅವ್ವ.

ಬೇಳೆ ಸುರಿದರು.

"ನೀರು."

ನೀರು ಹಾಕಿದರು.

"ಸ್ವಿಚ್ಚು."

ಅಪ್ಪ ಸ್ವಿಚ್ ಒತ್ತಿದರು. ಅವರ ನಿದ್ದೆಗಣ್ಣಿನ ಆ ಒತ್ತುವಿಕೆಯನ್ನೇ ಅಧಿಕೃತ ಹೇಳಿಕೆಯೆಂದು ನಾನು ಸ್ವೀಕರಿಸಿದೆ. ಅವ್ವನ ಅಳತೆ ಬೇರೆಯಿತ್ತು. ಅಪ್ಪ ಕೋಣೆಗೆ ಮರಳಿ ಬಾಗಿಲು ಮುಚ್ಚಿಕೊಂಡ ಮೇಲೆ ಅವಳು ಮಣಿಕಟ್ಟಿನ ಬಟ್ಟೆ ಬಿಚ್ಚಿ, ಗೋಡೆಗೊರಗಿ ಕಾಲು ಚಾಚಿ ಕುಳಿತಳು. ಅಂದು ಹಿಟ್ಟು ಬೆಣ್ಣೆಯಂತೆ ನುಣ್ಣಗಾದ ಮೇಲೂ ಅವಳು ಗ್ರೈಂಡರ್ ನಿಲ್ಲಿಸಲಿಲ್ಲ.