ಕಾಂಡ್ಲಾ ದ್ವೀಪದ ಬಾಬಾ ದರ್ಯಾ

ಅಬುಧಾಬಿಯಲ್ಲಿ ಒಂದೇ ಫ್ಲ್ಯಾಟಿನೊಳಗೆ ಎರಡು ಸಂಸಾರಗಳು ಹಲ್ಲು ಕಚ್ಚಿಕೊಂಡು ಬಾಳುತ್ತಿದ್ದ ದಿನಗಳವು. ಒಂದು ಕೋಣೆ ನಮ್ಮದು, ಇನ್ನೊಂದು ಉಡುಪಿ ಕಡೆಯ ದಿನೇಶ ಮಾಮನದು. ಅಡುಗೆಮನೆಯಲ್ಲಿ ಅಮ್ಮನಿಗೂ ಅವರ ಹೆಂಡತಿಗೂ ಮಾತು ನಿಂತು ಹೋಗಿತ್ತು. ನಾನು ಮುಚ್ಚಿಟ್ಟ ಬಂಗುಡೆ ಸಾರಿಗೆ ಅವರ ಮಗಳು ಶಿಲ್ಪಾ ಬೇಕೆಂದೇ ನೀರು ಸುರಿಯುತ್ತಿದ್ದಳು. ನನಗಿಂತ ಮೂರು ವರ್ಷ ದೊಡ್ಡವಳು.

ಆದರೂ ಆ ಚಳಿಗಾಲದ ಶುಕ್ರವಾರಗಳಲ್ಲಿ ಮಾಮ ತನ್ನ ಕಂಪನಿಯ ಸಣ್ಣ ದೋಣಿಯಲ್ಲಿ ಅಪ್ಪನನ್ನೂ ನನ್ನನ್ನೂ ಶಿಲ್ಪಾಳನ್ನೂ ಉಪ್ಪುನೀರಿನ ಕಾಂಡ್ಲಾ ಮರಗಳು ಬೆಳೆದ ದ್ವೀಪಗಳಿಗೆ ಕರೆದೊಯ್ಯುತ್ತಿದ್ದರು. ಕೊಳೆತ ಕೆಸರಿನ ವಾಸನೆ, ನೀರಿನಿಂದ ಮೇಲೆ ಚುಚ್ಚಿಕೊಂಡ ಬೇರುಗಳು, ಗುಲಾಬಿ ಕಾಲಿನ ಹಕ್ಕಿಗಳು. ಎಲೆಯ ಹಿಂಬದಿ ನೆಕ್ಕಿದರೆ ಉಪ್ಪು. ಏಡಿಗಳಿಗೆ ಓಟದ ಪಂದ್ಯ ಕಟ್ಟಿ ಆಡುತ್ತಿದ್ದೆವು.

ಬುತ್ತಿಯ ನೀರುದೋಸೆ ತಿನ್ನುತ್ತಾ ಮಾಮ ಅರಬ್ಬಿ ಬೆಸ್ತರ ಕತೆ ಹೇಳುತ್ತಿದ್ದರು. "ಬಾಬಾ ದರ್ಯಾ ಅಂತ ಒಂದು ಸಮುದ್ರದ ಭೂತ ಉಂಟು. ಮುಳುಗುವವರ ಹಾಗೆ ಕೂಗ್ತದೆ. ಕಾಪಾಡ್ಲಿಕ್ಕೆ ಹೋದವರನ್ನು ಎಳ್ಕೊಂಡು ಹೋಗ್ತದೆ."

ಒಂದು ಶುಕ್ರವಾರ ಅಪ್ಪ, ಮಾಮ ದೋಣಿಯ ಎಂಜಿನ್ ಬಿಚ್ಚಿ ಕೂತಿದ್ದರು. ಶಿಲ್ಪಾ ನನ್ನನ್ನು ಹಕ್ಕಿಗೂಡು ತೋರಿಸುತ್ತೇನೆಂದು ಆಚೆಯ ಬದಿಗೆ ಕರೆದಳು. ನಾಲ್ಕು ಹೆಜ್ಜೆಗೆ ನಾನು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಹೋದೆ. ಅವಳು ಗಟ್ಟಿ ಮರಳಿನ ಮೇಲೆ ನಿಂತಿದ್ದಳು.

"ಶಿಲ್ಪಾ, ಕೈ ಕೊಡು!"

"ನೀನು ಬಾಬಾ ದರ್ಯಾ. ನಾನು ಬರುದಿಲ್ಲ" ಎಂದು ನಕ್ಕಳು. ಹಿಂದಿರುಗಿಯೂ ನೋಡದೆ ಹೋದಳು.

ಸಮುದ್ರ ಉಬ್ಬುವ ಹೊತ್ತು, ಭರತದ ನೀರು ಏರತೊಡಗಿತ್ತು. ಒದ್ದಾಡಿದಷ್ಟೂ ಕೆಸರು ಒಳಗೆ ಎಳೆಯಿತು. ನೀರು ಎದೆ ಮುಟ್ಟಿತು. ಮಗಳೆಲ್ಲಿ ಎಂದು ಅಪ್ಪ ಕೇಳಿದ್ದಕ್ಕೆ ಶಿಲ್ಪಾ "ಅಲ್ಲೇ ಆಡ್ತಿದ್ದಾಳೆ" ಎಂದಿದ್ದಳಂತೆ. ಅಪ್ಪನಿಗೆ ನಂಬಿಕೆ ಬರಲಿಲ್ಲ. ಹುಡುಕಿ ಬಂದು, ಕಂಕುಳಿಗೆ ಕೈ ಹಾಕಿ ನನ್ನನ್ನು ಕಿತ್ತರು.

"ಮಕ್ಕಳಾಟ ಮಾರಾಯ" ಎಂದರು ಮಾಮ.

"ಸತ್ತಿದ್ರೂ ಹಾಗೇ ಹೇಳ್ತಿದ್ರಾ?" ಅಪ್ಪ ಕೇಳಿದರು. ತಿಂಗಳೊಳಗೆ ನಾವು ಮನೆ ಬದಲಿಸಿದೆವು.

ಈಗ ಆ ಕಾಂಡ್ಲಾದ ನಡುವೆ ಮರದ ಹಲಗೆಯ ದಾರಿ, ಹಿಡಿದುಕೊಳ್ಳಲು ಕಂಬಿ, ಫೋಟೊ ತೆಗೆಯುವವರ ಸಾಲು. ಯಾರ ಕಾಲಿಗೂ ಕೆಸರು ತಾಗುವುದಿಲ್ಲ. ನನ್ನ ಮಗನನ್ನು ಕರೆದೊಯ್ದಿದ್ದೆ. ಎಲೆ ನೆಕ್ಕು ಎಂದರೆ "ಡರ್ಟಿ, ಅಮ್ಮ" ಎಂದ. ಭೂತದ ಕತೆ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಆ ಸಮುದ್ರವನ್ನು ಪ್ರೀತಿಯಿಂದ ಅವನ ಕೈಗೆ ಕೊಡುವ ಶಕ್ತಿಯನ್ನೇ ಶಿಲ್ಪಾ, ಮಾಮ ನನ್ನಿಂದ ಕಿತ್ತುಕೊಂಡಿದ್ದರು.

ಕಳೆದ ವರ್ಷ ಮಾಲ್‌ನ ಲಿಫ್ಟಿನ ಬಳಿ ಶಿಲ್ಪಾ ಎದುರಾದಳು. ತಬ್ಬಿಕೊಳ್ಳಲು ಬಂದು, "ಆ ದಿನಗಳು ಎಷ್ಟು ಚಂದ ಇತ್ತಲ್ಲ ಮಾರಾಯ್ತಿ!" ಎಂದಳು.

"ನಿಂಗೆ ಇತ್ತು" ಎಂದು ನಾನು ಲಿಫ್ಟಿನೊಳಗೆ ಹೆಜ್ಜೆಯಿಟ್ಟು ಬಾಗಿಲು ಮುಚ್ಚಲು ಬಿಟ್ಟೆ.